ಚಲಿಸುವ ಬೆಂಕಿ ಮತ್ತು ಬಿರುಕಿನ ಆಳ: ಕಲ್ಲು, ಗಾಜುಗಳಲ್ಲಿ ಉಷ್ಣ ಪೀಡನವನ್ನು ಅಂದಾಜು ಮಾಡುವ ಬಗೆ

ಗಾಜು, ಗ್ರಾನೈಟ್, ಪಿಂಗಾಣಿ ಇವೆಲ್ಲ ಪೆಡಸು ವಸ್ತುಗಳು. ಕಬ್ಬಿಣದ ಸರಳಿನಂತೆ ಬಾಗಿ, ಜಗ್ಗಿ ಒಳಗಿನ ಬಲವನ್ನು ತಗ್ಗಿಸಿಕೊಳ್ಳುವುದು ಇವುಗಳಿಂದ ಆಗದು; ತಡೆಯುವಷ್ಟು ತಡೆದು ಒಮ್ಮೆಲೇ ಸೀಳುತ್ತವೆ. ಇಂಥ ವಸ್ತುವಿನ ಮೇಲೆ ಶಾಖದ ಮೂಲವೊಂದು ಸರಿಯುತ್ತ ಹೋದಾಗ ಬಿರುಕು ಬೀಳುತ್ತದೆಯೇ, ಬಿದ್ದರೆ ಎಷ್ಟು ಆಳದಲ್ಲಿ, ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಒಂದು ಕ್ಯಾಲ್ಕ್ಯುಲೇಟರ್ ಮತ್ತು ನಾಲ್ಕಾರು ವಸ್ತುಗುಣಗಳ ಸಹಾಯದಿಂದ ಮೊದಲೇ ಅಂದಾಜು ಮಾಡಬಹುದು. ಗ್ರಾನೈಟ್ ಹಲಗೆಗೆ ಜ್ವಾಲೆಯ ಫಿನಿಶ್ ಕೊಡುವವರಿಗೆ (ಎಂದರೆ ಜ್ವಾಲೆ ಹಾಯಿಸಿ ಮೇಲ್ಮೈಯ ಚಕ್ಕೆ ಎಬ್ಬಿಸುವವರಿಗೆ), ಗಾಜಿನ ಕೆಲಸದವರಿಗೆ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆ ಅಂದಾಜಿನ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಎಲ್ಲರೂ ಮೊದಲು ಕೇಳುವುದು ಬೆಂಕಿ ಎಷ್ಟು ಬಿಸಿ ಎಂದು. ಆದರೆ ಮೊದಲು ಕೇಳಬೇಕಾದದ್ದು ಬೆಂಕಿ ಎಷ್ಟು ವೇಗವಾಗಿ ಸರಿಯುತ್ತಿದೆ ಎಂದು. ಯಾವ ಪದರ ಕಳಚುತ್ತದೆ ಎಂಬುದು ಮುಖ್ಯವಾಗಿ ಆ ವೇಗದಿಂದಲೇ ನಿರ್ಧಾರವಾಗುತ್ತದೆ.

ಲೆಕ್ಕಕ್ಕೆ ಆಧಾರವಾಗಿ ಒಂದು ನಿಜವಾದ ಕೆಲಸ

ಬೆಂಗಳೂರಿನ ಕಲ್ಲುಕುಟಿಗರು ಬಂಡೆಯಿಂದ ಚಪ್ಪಡಿ ಎಬ್ಬಿಸುತ್ತಿದ್ದ ಕ್ರಮವನ್ನು ಎಚ್. ವಾರ್ತ್ ಎಂಬವರು 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಳತೆಗಳ ಸಮೇತ ದಾಖಲಿಸಿದ್ದಾರೆ. ನೂರಾರು ಅಡಿ ಬಿರುಕಿಲ್ಲದೆ ಹಬ್ಬಿದ ಬೂದುಬಣ್ಣದ ಬಂಡೆಯ ಮೇಲೆ ಹಗುರವಾದ ಒಣ ಸೌದೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಚ್ಚುತ್ತಿದ್ದರು. ಬೆಂಕಿಯ ಮುಂದಿನ ಕಲ್ಲಿನ ಮೇಲೆ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಅಡಿಯ ಬಂಡೆಯಿಂದ ಕಲ್ಲು ಬಿಟ್ಟುಕೊಂಡಿದೆ ಎಂದು ಸದ್ದು ತಿಳಿಸಿದ ಮೇಲೆಯೇ ಉರಿಯುವ ಸೌದೆಯನ್ನು ಕೆಲವು ಇಂಚು ಮುಂದಕ್ಕೆ ತಳ್ಳಿ, ಮತ್ತೆ ಸದ್ದು ಬದಲಾಗುವವರೆಗೆ ಕಾಯುತ್ತಿದ್ದರು. ಹೀಗೆ ಬೆಂಕಿಯ ಸಾಲು ಗಂಟೆಗೆ ಸುಮಾರು 6 ಅಡಿಯಂತೆ 8 ಗಂಟೆ ಸಾಗುತ್ತಿತ್ತು. ಬೆಂಕಿ ಹಾದುಹೋದ ಜಾಗ 460 ಚದರ ಅಡಿ. ಬಿರುಕು ಅದರ ಎರಡೂ ಬದಿಗೆ ಸುಮಾರು 3 ಅಡಿ ಹೆಚ್ಚು ಹರಡುತ್ತಿದ್ದುದರಿಂದ ಬಿಡುಗಡೆಯಾದ ಚಪ್ಪಡಿ ಸುಮಾರು 740 ಚದರ ಅಡಿ. ಅದರ ದಪ್ಪ ಸರಾಸರಿ 5 ಇಂಚು. ಇಷ್ಟಕ್ಕೆ ತಗಲುತ್ತಿದ್ದ ಸೌದೆ ಸುಮಾರು 760 ಕಿಲೋ, ಅಂದರೆ ಒಂದು ಕಿಲೋ ಸೌದೆಗೆ 30 ಕಿಲೋ ಕಲ್ಲು.

ಇದರ ಜೊತೆಗೆ ವಾರ್ತ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು. ಬೆಂಕಿ ದಾಟಿಹೋದ ಜಾಗದಲ್ಲಿ ಬೂದಿಯೊಡನೆ ಇಂಚಿನ ಎಂಟನೇ ಒಂದು ಭಾಗದಷ್ಟು ದಪ್ಪದ, ಕೆಲವೇ ಇಂಚು ಅಗಲದ ಕಲ್ಲಿನ ಚೂರುಗಳು ಸಿಡಿದು ಬಿದ್ದಿರುತ್ತಿದ್ದವು. 5 ಇಂಚು ಆಳದಲ್ಲಿ ಸಾಗುತ್ತಿದ್ದ ದೊಡ್ಡ ಸೀಳಿಗೂ ಇವಕ್ಕೂ ಸಂಬಂಧವಿರಲಿಲ್ಲ. ಒಂದೇ ಬೆಂಕಿಯಿಂದ ಎರಡು ಬೇರೆ ಬೇರೆ ಆಳದ ಬಿರುಕುಗಳು ಹುಟ್ಟುವುದೇಕೆ ಎಂಬುದನ್ನು ವಿವರಿಸಲು ಆಗದಿದ್ದರೆ ನಮ್ಮ ಲೆಕ್ಕ ಪೂರ್ತಿಯಾಗಿಲ್ಲವೆಂದೇ ಅರ್ಥ.

ಮೊದಲ ಹಂತ: ಶಾಖ ಒಂದೆಡೆ ನಿಲ್ಲುವ ಕಾಲ

ಶಾಖದ ಮೂಲ ಚಲಿಸುವ ದಿಕ್ಕಿನಲ್ಲಿ ಅದರ ಅಗಲವನ್ನು ಅಳೆದು, ವೇಗದಿಂದ ಭಾಗಿಸಿ. ಮೇಲ್ಮೈಯ ಯಾವುದೇ ಬಿಂದುವಿನ ಮೇಲೆ ಶಾಖ ಎಷ್ಟು ಹೊತ್ತು ಇರುತ್ತದೆ ಎಂಬುದು ಇದರಿಂದ ಸಿಗುತ್ತದೆ. ಗಂಟೆಗೆ 6 ಅಡಿ ಎಂದರೆ ಸೆಕೆಂಡಿಗೆ ಸುಮಾರು ಅರ್ಧ ಮಿಲಿಮೀಟರ್. ಸೌದೆ ಸಾಲಿನ ಅಗಲ 30 ಸೆಂ.ಮೀ. ಎಂದು ಇಟ್ಟುಕೊಂಡರೆ, ಕಲ್ಲಿನ ಪ್ರತಿ ಬಿಂದುವೂ 600 ಸೆಕೆಂಡು, ಅಂದರೆ 10 ನಿಮಿಷ, ಬೆಂಕಿಯಡಿ ಇರುತ್ತದೆ. ಈ ಅಗಲ ನನ್ನ ಊಹೆ. ನಿಮ್ಮ ಕೆಲಸದಲ್ಲಿ ಮಾತ್ರ ಇದನ್ನು ಊಹಿಸಬೇಡಿ, ಅಳೆಯಿರಿ. ಜ್ವಾಲೆಯಾಗಿದ್ದರೆ ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೊ ತೆಗೆದು, ಹಲಗೆಯ ಮೇಲೆ ಸೀಮೆಸುಣ್ಣದಿಂದ ಎಳೆದ ಗೆರೆಗಳನ್ನು ಜ್ವಾಲೆ ದಾಟುವ ಸಮಯವನ್ನು ಎಣಿಸಿದರೆ ಸಾಕಾಗುತ್ತದೆ.

ಎರಡನೇ ಹಂತ: ಶಾಖ ಇಳಿಯುವ ಆಳ

ಶಾಖವು ವಸ್ತುವಿನೊಳಗೆ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಉಷ್ಣ ವಿಸರಣಾಂಕ ಸೂಚಿಸುತ್ತದೆ. ಗ್ರಾನೈಟಿಗೆ ಇದು ಸೆಕೆಂಡಿಗೆ ಸುಮಾರು 1.2 ಚದರ ಮಿಲಿಮೀಟರ್, ಕಿಟಕಿ ಗಾಜಿಗೆ ಸುಮಾರು 0.5. ಈ ಸಂಖ್ಯೆಯನ್ನು ಮೊದಲ ಹಂತದ ಕಾಲದಿಂದ ಗುಣಿಸಿ ವರ್ಗಮೂಲ ತೆಗೆದರೆ ಬಿಸಿಯಾದ ಪದರದ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ. ಬೆಂಗಳೂರಿನ ಬೆಂಕಿಗೆ 1.2 ಗುಣಿಸು 600, ಅದರ ವರ್ಗಮೂಲ ಸುಮಾರು 27 ಮಿ.ಮೀ.

ಇದೇ ಲೆಕ್ಕವನ್ನು ಬೇರೆ ಎರಡು ಕೆಲಸಗಳಿಗೆ ಹಾಕಿ ನೋಡೋಣ. ಜಿಗಣಿ, ಇಳಕಲ್ ಮುಂತಾದೆಡೆಯ ಗ್ರಾನೈಟ್ ಉದ್ಯಮಕ್ಕೆ ಚಿರಪರಿಚಿತವಾದ ಫ್ಲೇಮ್ಡ್ ಫಿನಿಶ್‌ನಲ್ಲಿ ಆಮ್ಲಜನಕ ಬೆರೆಸಿದ ಗ್ಯಾಸ್ ಜ್ವಾಲೆ ಹಲಗೆಯ ಮೇಲೆ ಓಡುತ್ತದೆ. ಜ್ವಾಲೆಯ ತುದಿ 2 ಸೆಂ.ಮೀ. ಅಗಲವಿದ್ದು ಸೆಕೆಂಡಿಗೆ 5 ಸೆಂ.ಮೀ. ಸಾಗಿದರೆ ನಿಲ್ಲುವ ಕಾಲ 0.4 ಸೆಕೆಂಡು, ಬಿಸಿ ಪದರ 0.7 ಮಿ.ಮೀ. ಅಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ಚಕ್ಕೆಗಳಷ್ಟೇ ಏಳುತ್ತವೆ, ನಮಗೆ ಬೇಕಾದದ್ದೂ ಅದೇ. ಅದೇ ಜ್ವಾಲೆ ಒಂದೆಡೆ 2 ನಿಮಿಷ ನಿಂತುಬಿಟ್ಟರೆ ಪದರ 12 ಮಿ.ಮೀ. ಆಗುತ್ತದೆ, 30 ಮಿ.ಮೀ. ಹಲಗೆಯಲ್ಲಿ ಇದು ದಪ್ಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಆಗ ಚಕ್ಕೆಯ ಬದಲು ಇಡೀ ಹಲಗೆಯೇ ಬಾಗಿ ಅಡ್ಡಡ್ಡ ಸೀಳುವ ಅಪಾಯವಿದೆ. ಇನ್ನು ಗಾಜು ಕೊಯ್ಯುವ ಕಾರ್ಬನ್ ಡೈಆಕ್ಸೈಡ್ ಲೇಸರ್: ಕಿರಣದ ಗುರುತು 20 ಮಿ.ಮೀ. ಉದ್ದವಿದ್ದು ಸೆಕೆಂಡಿಗೆ 200 ಮಿ.ಮೀ. ಓಡಿದರೆ ಬಿಸಿ ಪದರ ಸುಮಾರು 0.2 ಮಿ.ಮೀ. ಮಾತ್ರ. ಅಂದರೆ ಸೌದೆ, ಗ್ಯಾಸ್, ಲೇಸರ್ ಮೂರಕ್ಕೂ ಒಂದೇ ಸೂತ್ರ ಸಾಕು.

ಲೆಕ್ಕವನ್ನು ಇನ್ನೂ ನಿಖರವಾಗಿ ಮಾಡಬೇಕೆನ್ನುವವರು, ಬೆಸುಗೆಯ ಅಧ್ಯಯನಕ್ಕಾಗಿ ಡೇನಿಯಲ್ ರೋಸೆಂಥಾಲ್ 1940ರ ದಶಕದಲ್ಲಿ ಬೆಳೆಸಿದ ಚಲಿಸುವ ಶಾಖಮೂಲದ ಸೂತ್ರಗಳನ್ನು ಬಳಸಬಹುದು. ಶಾಖದ ಜೊತೆಗೇ ನಾವೂ ಚಲಿಸುತ್ತಿದ್ದೇವೆ ಎಂದುಕೊಂಡರೆ ಸುತ್ತಲಿನ ತಾಪದ ಚಿತ್ರ ಬದಲಾಗದೆ ನಿಂತಂತೆ ಕಾಣುತ್ತದೆ ಎಂಬುದೇ ಆ ಸೂತ್ರಗಳ ಜೀವಾಳ. ಮೊದಲ ಅಂದಾಜಿಗೆ ಮಾತ್ರ ವರ್ಗಮೂಲವೇ ಸಾಕು.

ಮೂರನೇ ಹಂತ: ಪೀಡನ ಎಷ್ಟು, ಎಳೆತ ಎಲ್ಲಿ

ಬಿಸಿಯಾದ ಪದರ ಹಿಗ್ಗಲು ಹೊರಡುತ್ತದೆ, ಸುತ್ತಲಿನ ತಣ್ಣನೆಯ ಭಾಗ ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಪ್ರತಿ ಚದರ ಮೀಟರಿಗೆ ಬೀಳುವ ಒಳಬಲವೇ ಉಷ್ಣ ಪೀಡನ. ಯಂಗ್ ಗುಣಾಂಕ (ವಸ್ತುವಿನ ಬಿಗಿತದ ಅಳತೆ), ಹಿಗ್ಗುವಿಕೆಯ ಗುಣಾಂಕ, ತಾಪದ ವ್ಯತ್ಯಾಸ ಈ ಮೂರನ್ನು ಗುಣಿಸಿ, ಒಂದರಿಂದ ಪಾಯ್ಸನ್ ಅನುಪಾತವನ್ನು (ಉದ್ದಕ್ಕೆ ಎಳೆದಾಗ ವಸ್ತು ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಅನುಪಾತವನ್ನು) ಕಳೆದು ಬರುವ ಸಂಖ್ಯೆಯಿಂದ ಭಾಗಿಸಿದರೆ ಅದರ ಗರಿಷ್ಠ ಬೆಲೆ ಸಿಗುತ್ತದೆ. ಗ್ರಾನೈಟಿಗೆ 50 ಗಿಗಾಪಾಸ್ಕಲ್, ಡಿಗ್ರಿಗೆ ದಶಲಕ್ಷದಲ್ಲಿ 8 ಭಾಗ, 0.25 ಎಂಬ ಸಾಮಾನ್ಯ ಬೆಲೆಗಳನ್ನು ಹಾಕಿದರೆ ಪ್ರತಿ ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ 0.53 ಮೆಗಾಪಾಸ್ಕಲ್ ಬರುತ್ತದೆ. ಕಿಟಕಿ ಗಾಜಿಗೆ ಇದು 0.8, ಪ್ರಯೋಗಾಲಯದ ಬೊರೊಸಿಲಿಕೇಟ್ ಗಾಜಿಗೆ ಸುಮಾರು 0.26, ಹಾಗಾಗಿಯೇ ಅದನ್ನು ಬರ್ನರಿನ ಮೇಲಿಡಬಹುದು. ಅಲ್ಯೂಮಿನಾ ಸೆರಾಮಿಕ್‌ಗೆ 4ರ ಹತ್ತಿರ, ಹಾಗಾಗಿ ಗಟ್ಟಿತನದಲ್ಲಿ ಇವೆಲ್ಲವನ್ನೂ ಮೀರಿಸಿದರೂ ಶಾಖದ ಏಟಿಗೆ ಅದು ನಾಜೂಕು.

ಬಂಡೆಯ ಮೇಲ್ಮೈ ಒಳಭಾಗಕ್ಕಿಂತ 300 ಡಿಗ್ರಿ ಹೆಚ್ಚು ಬಿಸಿಯಾಯಿತು ಎಂದುಕೊಂಡರೆ ಪೀಡನ 160 ಮೆಗಾಪಾಸ್ಕಲ್. ಇದು ಅದುಮುವ ಪೀಡನ, ಎಳೆಯುವುದಲ್ಲ. ಗ್ರಾನೈಟ್ ಸಾಮಾನ್ಯವಾಗಿ 100ರಿಂದ 250 ಮೆಗಾಪಾಸ್ಕಲ್ ಅದುಮನ್ನು ತಡೆಯುತ್ತದೆ, ಅಂದರೆ ಮೇಲ್ಮೈ ಈಗಾಗಲೇ ತನ್ನ ಮಿತಿಯ ಅಂಚಿಗೆ ಬಂದಿದೆ. ಹೀಗೆ ಅದುಮಿಸಿಕೊಂಡ ತೆಳುಪದರ ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಮೇಲಕ್ಕೆ ಉಬ್ಬಿ ಸಿಡಿಯುತ್ತದೆ. ವಾರ್ತ್ ಕಂಡ ತೆಳು ಚೂರುಗಳು ಹುಟ್ಟುವುದು ಹೀಗೆ. ಗ್ರಾನೈಟಿನೊಳಗಿನ ಸ್ಫಟಿಕಶಿಲೆಯ ಕಣಗಳು 573 ಡಿಗ್ರಿಯಲ್ಲಿ ತಮ್ಮ ಹರಳಿನ ರಚನೆಯನ್ನೇ ಬದಲಿಸಿ ಥಟ್ಟನೆ ಹಿಗ್ಗುವುದರಿಂದ, ಜ್ವಾಲೆಯಡಿ ಚಕ್ಕೆ ಏಳುವುದು ಇನ್ನೂ ಸುಲಭವಾಗುತ್ತದೆ.

ಶಾಖ ಸರಿದುಹೋಗಿ ಮೇಲ್ಮೈಗೆ ತಣ್ಣೀರು ಬಿದ್ದರೆ ಚಿತ್ರ ತಿರುಗುಮುರುಗಾಗುತ್ತದೆ. ಈಗ ಕುಗ್ಗಲು ಹವಣಿಸುವ ಮೇಲ್ಮೈ ಎಳೆತಕ್ಕೆ ಸಿಗುತ್ತದೆ. ಪೆಡಸು ವಸ್ತುಗಳು ಅದುಮನ್ನು ತಾಳಿದಷ್ಟು ಎಳೆತವನ್ನು ತಾಳವು. ಉರಿಯುತ್ತಿರುವ ಲಾಟೀನಿನ ಗಾಜಿಗೆ ಮಳೆಹನಿ ಬಿದ್ದೊಡನೆ ಅದು ಚಟ್ಟೆಂದು ಒಡೆಯುವುದು ಇದರಿಂದಲೇ. ಲೇಸರ್ ಕಿರಣದ ಹಿಂದೆಯೇ ನೀರಿನ ತುಂತುರು ಅಥವಾ ತಣ್ಣನೆ ಗಾಳಿ ಹಾಯಿಸಿ ಗಾಜು ಕೊಯ್ಯುವ ಯಂತ್ರಗಳು ಇದೇ ತತ್ತ್ವವನ್ನು ಬಳಸುತ್ತವೆ. ಬಿರುಕು ಕಿರಣದಡಿ ತೆರೆಯುವುದಿಲ್ಲ, ಅದರ ಹಿಂದೆ ತಂಪು ಬೀಳುವಲ್ಲಿ ತೆರೆಯುತ್ತದೆ. ಆದ್ದರಿಂದ ನಿಮ್ಮ ಕೆಲಸದ ಚಿತ್ರವೊಂದನ್ನು ಬರೆದು, ಬಿಸಿ ಭಾಗಕ್ಕೆ ಒಂದು ಬಣ್ಣ, ಅದನ್ನು ಹಿಡಿದಿಟ್ಟಿರುವ ತಣ್ಣನೆ ಭಾಗಕ್ಕೆ ಇನ್ನೊಂದು ಬಣ್ಣ ಹಾಕಿ, ಎಳೆತ ಯಾವ ಭಾಗದಲ್ಲಿ ಬೀಳುತ್ತದೆ ಎಂದು ಗುರುತಿಸದೆ ಮುಂದಿನ ಹಂತಕ್ಕೆ ಹೋಗಬೇಡಿ. ಲೆಕ್ಕದ ತಪ್ಪುಗಳಲ್ಲಿ ಹೆಚ್ಚಿನವು ಈ ಗುರುತಿನಲ್ಲೇ ಆಗುತ್ತವೆ.

ನಾಲ್ಕನೇ ಹಂತ: ಬಿರುಕು ಓಡಲು ಬೇಕಾದ ಶಕ್ತಿ ಇದೆಯೇ

ಪೀಡನ ಹೆಚ್ಚಿದ್ದ ಮಾತ್ರಕ್ಕೆ ಬಿರುಕು ಓಡಬೇಕೆಂದಿಲ್ಲ. ಬಿರುಕು ಮುಂದೆ ಸಾಗಿದಂತೆ ಹೊಸ ಮೇಲ್ಮೈ ಹುಟ್ಟುತ್ತದೆ, ಅದಕ್ಕೆ ಶಕ್ತಿ ಬೇಕು, ಆ ಶಕ್ತಿ ವಸ್ತುವಿನಲ್ಲಿ ಕೂಡಿಟ್ಟ ಪೀಡನದಿಂದಲೇ ಬರಬೇಕು ಎಂಬ ತತ್ತ್ವವನ್ನು ಎ. ಎ. ಗ್ರಿಫಿತ್ 1920ರ ಹೊತ್ತಿಗೆ ಗಾಜಿನ ಪ್ರಯೋಗಗಳ ಮೂಲಕ ಸ್ಥಾಪಿಸಿದರು. ಗಾಜಿನ ಅಂಚಿನ ಉದಾಹರಣೆಯಿಂದ ಆರಂಭಿಸುವುದು ಸುಲಭ. ನಡುಭಾಗ ಬಿಸಿಲಿಗೆ ಕಾದು ಚೌಕಟ್ಟಿನೊಳಗಿನ ಅಂಚು 40 ಡಿಗ್ರಿ ತಣ್ಣಗಿದ್ದರೆ ಅಂಚಿನಲ್ಲಿ ಸುಮಾರು 25 ಮೆಗಾಪಾಸ್ಕಲ್ ಎಳೆತ ಬೀಳಬಹುದು (ಅಂಚಿನಲ್ಲಿ ಎಳೆತ ಒಂದೇ ದಿಕ್ಕಿನಲ್ಲಿರುವುದರಿಂದ ಇಲ್ಲಿ ಪಾಯ್ಸನ್ ಅನುಪಾತದ ಭಾಗಾಕಾರ ಬೇಡ). ಗಾಜಿನ ಬಿರುಕು ತಡೆಯುವ ಸಾಮರ್ಥ್ಯವನ್ನು, ಎಂದರೆ ಫ್ರ್ಯಾಕ್ಚರ್ ಟಫ್‌ನೆಸ್ಸನ್ನು, 0.75 (ಮೆಗಾಪಾಸ್ಕಲ್ ಗುಣಿಸು ಮೀಟರಿನ ವರ್ಗಮೂಲ ಎಂಬ ಏಕಮಾನದಲ್ಲಿ) ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಆ ಎಳೆತದಲ್ಲಿ ಅಂಚಿನ 0.23 ಮಿ.ಮೀ. ಆಳದ ಹಲ್ಲೊಂದು ಸಾಕು, ಗಾಜು ಸೀಳುತ್ತದೆ. ಕೊಯ್ದ ಗಾಜಿನ ಅಂಚನ್ನು ಉಜ್ಜಿ ನಯ ಮಾಡುವುದು ಅಂದಕ್ಕಾಗಿ ಮಾತ್ರವಲ್ಲ. ಆ ಕಾಲು ಮಿಲಿಮೀಟರ್ ಹಲ್ಲುಗಳನ್ನು ತೆಗೆದುಹಾಕುವುದಕ್ಕಾಗಿ.

ಬಂಡೆಯ ಲೆಕ್ಕ ಇದಕ್ಕಿಂತ ಸ್ವಾರಸ್ಯಕರ. ಶಾಖ ಇಳಿದದ್ದು 27 ಮಿ.ಮೀ., ಬಿರುಕು ಸಾಗಿದ್ದು 5 ಇಂಚು, ಅಂದರೆ 127 ಮಿ.ಮೀ. ಆಳದಲ್ಲಿ. ಶಾಖವೇ ಮುಟ್ಟದ ಜಾಗದಲ್ಲಿ ಸೀಳು ಹೇಗೆ ಸಾಧ್ಯ? ಒಮ್ಮೆ ಅಡಿಯಲ್ಲಿ ಬಿರುಕು ಹೊಕ್ಕಿತೆಂದರೆ ಅದರ ಮೇಲಿನ ಕಲ್ಲು ಒಂದು ಹಲಗೆಯಂತೆ ವರ್ತಿಸುತ್ತದೆ. ಆ ಹಲಗೆಯ ಮೇಲ್ಭಾಗ ಮಾತ್ರ ಹಿಗ್ಗುವುದರಿಂದ ಅದು ಕಮಾನಿನಂತೆ ಮೇಲಕ್ಕೆ ಬಾಗಲು ಯತ್ನಿಸುತ್ತದೆ, ಬಾಗುವಾಗ ಬಿರುಕಿನ ತುದಿಯನ್ನು ಬಾಯಿ ತೆರೆಸುತ್ತದೆ. ಅದುಮಿಸಿಕೊಂಡಿರುವ ಬಿಸಿ ಪದರದ ಒಳಗೆ ಹೀಗೆ ಬಾಯಿ ತೆರೆಯಲು ಬಿರುಕಿಗೆ ಅವಕಾಶವಿಲ್ಲ; ಅದರ ಕೆಳಗೆ, ಬಾಗುವಿಕೆಯ ಎಳೆತ ಸಿಗುವ ಆಳದಲ್ಲಿ, ಮೇಲ್ಮೈಗೆ ಸಮಾನಾಂತರವಾಗಿ ಅದು ಓಡುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಮೇಲ್ಮೈ ತಾಪ 300 ಡಿಗ್ರಿ ಏರಿದಾಗ 127 ಮಿ.ಮೀ. ದಪ್ಪದ ಬಿಡುಗಡೆಯಾದ ಹಲಗೆ ಸುಮಾರು 59 ಮೀಟರ್ ತ್ರಿಜ್ಯದ ಕಮಾನಾಗಿ ಬಾಗಬಯಸುತ್ತದೆ. ಬಾಗಲು ಬಿಡದೆ ಅದನ್ನು ಚಪ್ಪಟೆಯಾಗಿ ಹಿಡಿದಿಡುವುದರಲ್ಲಿ ಅಡಗಿರುವ ಶಕ್ತಿ ಚದರ ಮೀಟರಿಗೆ ಸುಮಾರು 1200 ಜೂಲ್. ಗ್ರಾನೈಟಿನ ಬಿರುಕು ಒಂದು ಚದರ ಮೀಟರ್ ಸಾಗಲು, ಅದರ ಟಫ್‌ನೆಸ್ 1.5 ಎಂದು ಇಟ್ಟುಕೊಂಡರೆ, ಬೇಕಾದದ್ದು ಸುಮಾರು 45 ಜೂಲ್. ನಿಜವಾದ ಕೆಲಸದಲ್ಲಿ ಬಿಸಿ ಇರುವುದು ಬೆಂಕಿಯ ಸಾಲಿನ ಆಸುಪಾಸಿನಲ್ಲಿ ಮಾತ್ರವಾದ್ದರಿಂದ 1200 ಎಂಬುದು ಮೇಲ್ಮಿತಿ. ಆದರೂ ಅಂತರ ಬಹಳ ದೊಡ್ಡದು. ಶಕ್ತಿ ತಾಪದ ವರ್ಗಕ್ಕೆ ಅನುಪಾತದಲ್ಲಿ ಇಳಿಯುವುದರಿಂದ 60 ಡಿಗ್ರಿ ಏರಿಕೆಯಲ್ಲೂ ಇದೇ ಮೇಲ್ಮಿತಿ ಸುಮಾರು 50 ಜೂಲ್ ಇರುತ್ತದೆ. ಹಗುರವಾದ ಸೌದೆ, ನಿಧಾನವಾದ ಬೆಂಕಿ ಸಾಕಾದದ್ದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

300 ಡಿಗ್ರಿ ಎಂಬ ಊಹೆ ಸರಿಯೇ ಎಂದು ಪರೀಕ್ಷಿಸಲು ಸೌದೆಯ ಲೆಕ್ಕವನ್ನೂ ಹಾಕಬಹುದು. 760 ಕಿಲೋ ಒಣ ಸೌದೆ ಉರಿದರೆ, ಕಿಲೋಗೆ 15 ಮೆಗಾಜೂಲ್‌ನಂತೆ, ಸುಮಾರು 11,400 ಮೆಗಾಜೂಲ್ ಶಾಖ. 460 ಚದರ ಅಡಿ ಬಂಡೆಯ ಮೇಲ್ಪದರವನ್ನು ನಮ್ಮ ಅಂದಾಜಿನಂತೆ ಕಾಯಿಸಲು ಬೇಕಾದದ್ದು ಸುಮಾರು 800 ಮೆಗಾಜೂಲ್. ಬಯಲಿನಲ್ಲಿ ಉರಿಯುವ ಬೆಂಕಿಯ ಶಾಖದಲ್ಲಿ ಶೇಕಡಾ 7ರಷ್ಟು ಕಲ್ಲಿಗೆ ಇಳಿಯುವುದು ನಂಬಬಹುದಾದ ಮಾತು. ಹೀಗೆ ಒಂದು ಅಂದಾಜನ್ನು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ದಾರಿಯಿಂದ ತೂಗಿ ನೋಡುವುದನ್ನು ಯಾವ ಲೆಕ್ಕದಲ್ಲೂ ಬಿಡಬಾರದು.

ಹೆಸರು ದಾಖಲಾಗದ ಆ ಕೆಲಸಗಾರರ ಕೌಶಲ ನನಗೆ ಎದ್ದು ಕಾಣುವುದು ಸುತ್ತಿಗೆಯ ಸದ್ದಿನಲ್ಲಿ. ಬೆಂಕಿಯ ವೇಗವನ್ನು ಅವರು ಮೊದಲೇ ನಿಗದಿ ಮಾಡಿಕೊಂಡಿರಲಿಲ್ಲ. ಬಿರುಕು ಮುಂದೆ ಹೋದ ಮೇಲೆಯೇ ಬೆಂಕಿಯನ್ನು ಮುಂದೆ ಒಯ್ಯುತ್ತಿದ್ದರು. ಬೆಂಕಿ ಬಿರುಕನ್ನು ದಾಟಿ ಮುಂದೋಡಿದರೆ ಮೇಲ್ಮೈಯ ಚೂರು ಮಾತ್ರ ಸಿಡಿಯುತ್ತದೆ, ಚಪ್ಪಡಿ ಏಳುವುದಿಲ್ಲ. ಇಂದಿನ ಯಂತ್ರಗಳಲ್ಲಿ ಸೆನ್ಸರ್ ಇಟ್ಟು ಮಾಡುವ ನಿಯಂತ್ರಣವನ್ನು ಅವರು ಕಿವಿಯಿಂದ ಮಾಡುತ್ತಿದ್ದರು.

ಐದನೇ ಹಂತ: ಬಿರುಕಿನ ದಾರಿ

ಶಕ್ತಿ ಮಿತಿಮೀರಿ ಇದ್ದರೆ ಒಳ್ಳೆಯದೇ ಎಂದು ಭಾವಿಸಬಾರದು. 1993ರಲ್ಲಿ ಜಪಾನಿನ ಯೂಸೆ ಮತ್ತು ಸಾನೊ ‘ನೇಚರ್’ನಲ್ಲಿಯೇ ಪ್ರಕಟಿಸಿದ ಪ್ರಯೋಗ ಇದನ್ನು ಸೊಗಸಾಗಿ ತೋರಿಸುತ್ತದೆ. ತೆಳು ಗಾಜಿನ ಪಟ್ಟಿಯೊಂದನ್ನು ಕಾಯಿಸಿ, ಸ್ಥಿರ ವೇಗದಲ್ಲಿ ತಣ್ಣೀರಿಗೆ ಇಳಿಸುತ್ತ ಹೋದರು. ಪಟ್ಟಿಯ ತುದಿಯ ಸಣ್ಣ ಸೀಳಿನಿಂದ ಹೊರಟ ಬಿರುಕು ನೀರಿನ ಮಟ್ಟದ ಹತ್ತಿರವೇ ತನ್ನ ತುದಿಯನ್ನು ಇರಿಸಿಕೊಂಡು ಗಾಜಿನೊಳಗೆ ಸಾಗಿತು. ವೇಗ ಬಹಳ ಕಡಿಮೆಯಿದ್ದಾಗ ಬಿರುಕು ಸಾಗುವುದೇ ಇಲ್ಲ; ಒಂದು ಮಿತಿ ದಾಟಿದ ಮೇಲೆ ಗೆರೆ ಎಳೆದಂತೆ ನೇರವಾಗಿ ಸಾಗುತ್ತದೆ; ಇನ್ನೂ ಹೆಚ್ಚಿಸಿದರೆ ಕ್ರಮಬದ್ಧವಾದ ಅಲೆಯಾಗುತ್ತದೆ; ಅದಕ್ಕೂ ಮೀರಿದರೆ ಕವಲೊಡೆಯುತ್ತದೆ. ತಾಪದ ವ್ಯತ್ಯಾಸ ಮತ್ತು ಪಟ್ಟಿಯ ಅಗಲ ಬದಲಾದರೆ ಈ ಮಿತಿಗಳೂ ಬದಲಾಗುತ್ತವೆ.

ಆದ್ದರಿಂದ ನೇರವಾದ ಕೊಯ್ತ ಬೇಕಾದವರು ಬಿರುಕು ಓಡಲು ತೊಡಗುವ ಮಿತಿಯನ್ನು ಮೊದಲು ಹುಡುಕಿ, ಅದಕ್ಕಿಂತ ಸ್ವಲ್ಪವೇ ಮೇಲಿನ ಶಾಖ ಮತ್ತು ವೇಗದಲ್ಲಿ ನಿಲ್ಲಬೇಕು. ಕೊಯ್ತ ಅಲೆಯಾಗತೊಡಗಿದರೆ ಶಾಖ ಮತ್ತು ತಂಪಿನ ನಡುವಿನ ವ್ಯತ್ಯಾಸವನ್ನು ತಗ್ಗಿಸಿ, ಇಲ್ಲವೇ ವೇಗ ಇಳಿಸಿ. ವೇಗವನ್ನು ನಡುವೆ ಏರಿಳಿಸಬೇಡಿ. ಕೊಯ್ಯುವ ಗೆರೆ ಹಲಗೆಯ ಒಂದು ಅಂಚಿಗೆ ಹತ್ತಿರವಿದ್ದರೆ ಎರಡೂ ಬದಿಯ ಬಿಗಿತ ಸಮವಾಗಿರದ ಕಾರಣ ಬಿರುಕು ಶಾಖದ ಗೆರೆಯನ್ನು ಬಿಟ್ಟು ಓರೆಯಾಗಿ ಸರಿಯುತ್ತದೆ. ಸಾಧ್ಯವಿದ್ದಲ್ಲಿ ಹಲಗೆಯನ್ನು ಅರ್ಧ, ಅದರ ಅರ್ಧ ಎಂಬಂತೆ ಭಾಗ ಮಾಡುತ್ತ ಹೋಗುವುದು ಲೇಸು.

ಕೆಲಸಕ್ಕಿಳಿಯುವಾಗ

ಅದೇ ಸರಕಿನ ಕಲ್ಲು ಅಥವಾ ಗಾಜಿನ ಸಣ್ಣ ತುಂಡಿನ ಮೇಲೆ ಪರೀಕ್ಷೆ ಮಾಡದೆ ಪೂರ್ಣ ಹಲಗೆಗೆ ಕೈಹಾಕಬೇಡಿ, ಏಕೆಂದರೆ ಗ್ರಾನೈಟಿನ ಗುಣಗಳು ಗಣಿಯಿಂದ ಗಣಿಗೆ ಬದಲಾಗುತ್ತವೆ, ಇಲ್ಲಿ ಕೊಟ್ಟ ಬೆಲೆಗಳು ಸಾಮಾನ್ಯ ಬೆಲೆಗಳಷ್ಟೇ. ಜ್ವಾಲೆಯ ಫಿನಿಶ್‌ಗೆ 30 ಮಿ.ಮೀ. ಹಲಗೆ ಸುರಕ್ಷಿತ, 20 ಮಿ.ಮೀ.ಗಿಂತ ತೆಳುವಾದದ್ದನ್ನು ಬಳಸಬೇಡಿ. ಹಲಗೆಯ ಅಡಿಗೆ ಸಮನಾದ ಆಧಾರ ಕೊಡಿ, ಮೂಲೆ ತಿರುಗುವಾಗ ಜ್ವಾಲೆ ನಿಲ್ಲದಂತೆ ನೋಡಿಕೊಳ್ಳಿ: ಅಲ್ಲಿ ಶಾಖ ಹರಡಲು ಜಾಗವೂ ಕಡಿಮೆ, ಅಂಚಿನ ಹಲ್ಲುಗಳೂ ಹೆಚ್ಚು. ಮುಖವನ್ನು ಪೂರ್ತಿ ಮುಚ್ಚುವ ಕವಚ, ದಪ್ಪ ಕೈಗವಸು, ಸಿಲಿಕಾ ಧೂಳನ್ನು ತಡೆಯುವ ಮಾಸ್ಕ್ ಇಲ್ಲದೆ ಯಾರೂ ಹತ್ತಿರ ನಿಲ್ಲಬಾರದು. ಸಿಡಿಯುವ ಚಕ್ಕೆಗೆ ಕಣ್ಣು ಕಳೆದುಕೊಂಡರೆ ಯಾವ ಲೆಕ್ಕದಿಂದಲೂ ಅದು ಮರಳಿ ಬರುವುದಿಲ್ಲ. ಇನ್ನು ಬಂಡೆಯ ಮೇಲೆ ಬೆಂಕಿ ಹಚ್ಚಿ ಚಪ್ಪಡಿ ಎಬ್ಬಿಸುವುದು ಗಣಿಗಾರಿಕೆಯೇ ಆದ್ದರಿಂದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಪ್ರಯತ್ನಿಸುವಂತಿಲ್ಲ.

ಕೆಲಸ ಮುಗಿದ ಮೇಲೂ ಒಂದು ಹಂತ ಉಳಿದಿರುತ್ತದೆ. ಗಾಜಿನ ಬಿರುಕಿನ ತುದಿಗೆ ಗಾಳಿಯ ತೇವ ತಗಲಿದಾಗ ಅಲ್ಲಿನ ಸಿಲಿಕಾನ್ ಮತ್ತು ಆಮ್ಲಜನಕದ ಬಂಧಗಳು ನಿಧಾನವಾಗಿ ಕಡಿದುಹೋಗುತ್ತವೆ, ಹಾಗಾಗಿ ಒಡೆಯುವ ಮಿತಿಗಿಂತ ಕಡಿಮೆ ಎಳೆತದಲ್ಲೂ ಬಿರುಕು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬೆಳೆಯುತ್ತದೆ. ತಣಿದ ಕೂಡಲೇ ಸರಿಯಾಗಿ ಕಂಡ ಗಾಜು ಮರುದಿನ ಸೀಳುವುದು ಹೀಗೆ. ಗ್ರಾನೈಟಿನಲ್ಲೂ ತೇವ ಇದೇ ರೀತಿ ಬಿರುಕಿಗೆ ನೆರವಾಗುತ್ತದೆ. ಹಲಗೆಯನ್ನು ನೀರೆರಚಿ ತಣಿಸುವ ಅವಸರ ಬೇಡ, ತಾನಾಗಿ ತಣಿಯಲಿ. ಒಂದು ದಿನ ಬಿಟ್ಟು ಅಂಚುಗಳ ಮೇಲೆ ಶಾಯಿ ಬೆರೆಸಿದ ನೀರನ್ನು ಹಚ್ಚಿ ಒರೆಸಿ ನೋಡಿ. ಒರೆಸಿದ ಮೇಲೂ ಉಳಿಯುವ ಸಣ್ಣ ಗೆರೆಗಳಿದ್ದರೆ ಆ ಹಲಗೆಯನ್ನು ಭಾರ ಹೊರುವ ಜಾಗಕ್ಕೆ, ಮೆಟ್ಟಿಲಿಗೆ ಅಥವಾ ಎತ್ತರದ ಗೋಡೆಯ ಹೊದಿಕೆಗೆ ಕಳುಹಿಸದೆ ಬದಿಗಿಡಿ.